ಕ್ಯಾಟ್ ಮತ್ತೆ ಬರೆಯಬೇಕೆ? ಮೊದಲು ರೆಸ್ಪಾನ್ಸ್ ಶೀಟ್ ತೆರೆಯಿರಿ

ಡಿಸೆಂಬರ್‌ನಲ್ಲಿ ಕ್ಯಾಟ್ (ಐಐಎಂ ಮುಂತಾದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಸೇರಲು ಬರೆಯುವ ಪರೀಕ್ಷೆ) ಫಲಿತಾಂಶ ಬಂದ ದಿನ ಮನೆಯಲ್ಲಿ ಎರಡು ಮಾತು ಒಟ್ಟಿಗೇ ಏಳುತ್ತವೆ. ‘ಸಿಕ್ಕಿದ ಕಾಲೇಜಿಗೆ ಸೇರಿಕೊಂಡು ಬಿಡು’ ಎಂದು ಹಿರಿಯರು, ‘ಇನ್ನೊಂದು ವರ್ಷ ಓದಿದರೆ ಐಐಎಂ ಗ್ಯಾರಂಟಿ’ ಎಂದು ಗೆಳೆಯರು. ಇಬ್ಬರೂ ನೋಡಿರುವುದು ಪರ್ಸೆಂಟೈಲ್ (ನಿಮಗಿಂತ ಹಿಂದಿರುವವರು ಶೇಕಡಾ ಎಷ್ಟು ಎಂಬ ಲೆಕ್ಕ) ಎಂಬ ಒಂದೇ ಅಂಕಿಯನ್ನು. ಅದೊಂದನ್ನೇ ನಂಬಿ ಒಂದು ವರ್ಷವನ್ನು ಒತ್ತೆ ಇಡಬಾರದು, ಅದೊಂದನ್ನೇ ನೋಡಿ ಆಸೆಯನ್ನೂ ಕೈಬಿಡಬಾರದು.

ನಿಯಮ ಮೊದಲು ತಿಳಿದಿರಲಿ. ಕ್ಯಾಟ್ ಬರೆಯಲು ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲವಾದರೂ ಬರೆಯಬಹುದು. ಆದರೆ ಪರೀಕ್ಷೆ ನಡೆಯುವುದು ವರ್ಷಕ್ಕೊಮ್ಮೆ, ನವೆಂಬರ್ ಕೊನೆಯ ಭಾನುವಾರದ ಸುಮಾರಿಗೆ. ಅಂಕಕ್ಕೆ ಬೆಲೆ ಇರುವುದು ಆ ಒಂದು ಪ್ರವೇಶ ವರ್ಷಕ್ಕಷ್ಟೇ. ಮುಂದಿನ ಸಲ ಅಂಕ ಇಳಿದರೆ ಹಳೆಯದನ್ನು ತೋರಿಸಿ ಸೀಟು ಕೇಳಲಾಗದು. ವಿದೇಶದ ಕಾಲೇಜುಗಳೂ ಒಪ್ಪುವ ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್ ಹಾಗಲ್ಲ. ಅದರ ಅಂಕ ಐದು ವರ್ಷ ಬಾಳುತ್ತದೆ, 16 ದಿನ ಕಳೆದರೆ ಮತ್ತೆ ಬರೆಯಬಹುದು. ಆದ್ದರಿಂದ ಕ್ಯಾಟ್ ವಿಷಯದಲ್ಲಿ ಯೋಚನೆ ಹೆಚ್ಚು ಗಟ್ಟಿಯಾಗಿರಬೇಕು.

ಈಗ ನಿಜವಾದ ಕೆಲಸ. ಫಲಿತಾಂಶಕ್ಕೂ ಮುಂಚೆಯೇ, ಸಾಮಾನ್ಯವಾಗಿ ಡಿಸೆಂಬರ್ ಮೊದಲ ವಾರದಲ್ಲಿ, ನಿಮ್ಮ ರೆಸ್ಪಾನ್ಸ್ ಶೀಟ್ (ಪರೀಕ್ಷೆಯಲ್ಲಿ ನೀವು ಕೊಟ್ಟ ಉತ್ತರಗಳ ಹಾಳೆ) ಮತ್ತು ಸರಿಯುತ್ತರಗಳು ಸಿಗುತ್ತವೆ. ಕೂಡಲೇ ಇಳಿಸಿಕೊಳ್ಳಿ. ಪರೀಕ್ಷಾ ಕೊಠಡಿಯ ನೆನಪು ಹಸಿಯಾಗಿರುವಾಗಲೇ ಒಂದು ನೋಟ್‌ಬುಕ್ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ತಪ್ಪಾದ, ಬಿಟ್ಟುಬಂದ ಪ್ರತಿ ಪ್ರಶ್ನೆಯನ್ನೂ ಗಡಿಯಾರ ನೋಡದೆ ಇನ್ನೊಮ್ಮೆ ಬಿಡಿಸಿ. ಈಗಲೂ ಬಾರದಿದ್ದರೆ ಮೊದಲ ಕಾಲಂ. ಈಗ ಬಂದು, ಅಂದು ಸಮಯ ಸಾಲದೆ ಹೋಗಿದ್ದರೆ ಎರಡನೆಯದು. ಗೊತ್ತಿದ್ದೂ ಅವಸರಕ್ಕೆ ತಪ್ಪಿದ್ದು, ಊಹೆಯ ಮೇಲೆ ಒತ್ತಿ ಕೈಸುಟ್ಟುಕೊಂಡದ್ದು ಮೂರನೆಯದು. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆ ಕೊಟ್ಟ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಅಂಕ ಕಡಿತ. ಹಾಗಾಗಿ ಮೂರನೆಯ ಕಾಲಂನ ಪ್ರತಿ ಸಾಲೂ ನೋವಿನದೇ.

ದಾವಣಗೆರೆಯಲ್ಲಿ ನನ್ನ ಅಕ್ಕನ ಮಗಳ ಜೊತೆ ಹೀಗೆ ಕುಳಿತಿದ್ದೆ. ಅವಳಿಗೆ ಪೆಟ್ಟು ಬಿದ್ದದ್ದು ಡೇಟಾ ಮತ್ತು ಲಾಜಿಕ್ ವಿಭಾಗದಲ್ಲಿ. ಪ್ರತಿ ವಿಭಾಗಕ್ಕೂ ಸಿಗುವುದು ನಲವತ್ತೇ ನಿಮಿಷ. ಮೊದಲು ಕಣ್ಣಿಗೆ ಬಿದ್ದ ಸೆಟ್ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು) ಬಿಡಿಸಿಯೇ ತೀರುವೆನೆಂದು ಹದಿನೈದು ನಿಮಿಷಕ್ಕೂ ಹೆಚ್ಚು ಅದರಲ್ಲೇ ಕಳೆದಿದ್ದಳು, ದಕ್ಕಿದ್ದು ಒಂದು ಉತ್ತರ. ಕೊನೆಯ ಎರಡು ಸೆಟ್‌ಗಳನ್ನು ತೆರೆದು ನೋಡಿಯೇ ಇರಲಿಲ್ಲ. ಊಟದ ಮೇಜಿನ ಮೇಲೆ ಅವೆರಡನ್ನೂ ಮುಂದಿಟ್ಟೆ. ಅರ್ಧ ಗಂಟೆಯೊಳಗೆ ಎರಡೂ ಮುಗಿದವು. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅವಳು ಮಾತೇ ಆಡಲಿಲ್ಲ. ಅವಳ ಕೊರತೆ ಜ್ಞಾನದ್ದಲ್ಲ, ಯಾವುದನ್ನು ಬಿಡಬೇಕೆಂಬ ಆಯ್ಕೆಯದು. ಇಂಥವರು ಧೈರ್ಯವಾಗಿ ಮತ್ತೆ ಬರೆಯಬಹುದು.

ಮೊದಲ ಕಾಲಂ ತುಂಬಿದ್ದರೆ ಯಾವ ವಿಭಾಗ ಎಂದು ನೋಡಿ. ಶೇಕಡಾವಾರು, ಅನುಪಾತ, ಬೀಜಗಣಿತದಂಥ ಗಣಿತದ ಕೊರತೆಯನ್ನು ಕೆಲವು ತಿಂಗಳಲ್ಲಿ ತುಂಬಿಕೊಳ್ಳಬಹುದು. ಇಂಗ್ಲಿಷ್ ಓದಿನ ಕೊರತೆ ಅಷ್ಟು ಬೇಗ ಬಗ್ಗುವುದಿಲ್ಲ. 2024ರ ಪರೀಕ್ಷೆಯ 68 ಪ್ರಶ್ನೆಗಳಲ್ಲಿ ಭಾಷಾ ವಿಭಾಗದ್ದು 24, ಅವುಗಳಲ್ಲಿ 16 ಗದ್ಯಭಾಗ ಓದಿ ಉತ್ತರಿಸುವಂಥವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಲ್ಲಿ ಸೋತು, ತಮ್ಮ ಬುದ್ಧಿಯನ್ನೇ ಅನುಮಾನಿಸುವುದನ್ನು ಕಂಡು ಸಂಕಟವಾಗಿದೆ. ಅವರಿಗೆ ಬೇಕಾದದ್ದು ಅರ್ಥಶಾಸ್ತ್ರ, ತತ್ವಶಾಸ್ತ್ರ, ವಿಜ್ಞಾನದ ಉದ್ದ ಬರಹಗಳನ್ನು ದಿನವೂ ಒಂದು ಗಂಟೆ ಓದುವ ಅಭ್ಯಾಸ. ಜನವರಿಯಲ್ಲೇ ಆರಂಭಿಸುವುದಾದರೆ ಇನ್ನೊಂದು ವರ್ಷ ಇವರಿಗೆ ನಿಜಕ್ಕೂ ಫಲ ಕೊಡುತ್ತದೆ. ದಸರೆ ಕಳೆದ ಮೇಲೆ ನೋಡೋಣ ಎನ್ನುವವರಿಗೆ ಕೊಡುವುದಿಲ್ಲ.

ಮುಂದಿನದು, ಬದಲಾಗದ ಅಂಕಗಳ ಲೆಕ್ಕ. ಬೆಂಗಳೂರಿನ ಐಐಎಂ ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಒಂದನ್ನೇ ನೋಡುವುದಿಲ್ಲ. ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳಿಗೂ ಕೆಲಸದ ಅನುಭವಕ್ಕೂ ಪಾಲಿದೆ. ಉಳಿದ ಸಂಸ್ಥೆಗಳ ತೂಕ ಬೇರೆ ಬೇರೆ. ಪ್ರತಿ ಸಂಸ್ಥೆಯೂ ಪ್ರವೇಶ ನೀತಿಯನ್ನು ಪ್ರಕಟಿಸುತ್ತದೆ, ಅದನ್ನು ಮುಂದಿಟ್ಟುಕೊಂಡು ನಿಮ್ಮ ಅಂಕ ಹಾಕಿ ಕೂಡಿಸಿ. ಪಿಯುಸಿ ಅಂಕ ಕಡಿಮೆಯಿದ್ದವರಿಗೆ ಎರಡು ಪರ್ಸೆಂಟೈಲ್ ಏರಿದರೂ ಒಂದು ಸಂಸ್ಥೆಯ ಬಾಗಿಲು ತೆರೆಯದಿರಬಹುದು, ಮತ್ತೊಂದರದು ಸಲೀಸಾಗಿ ತೆರೆಯಬಹುದು. ವಿಭಾಗವಾರು ಕಟ್‌ಆಫ್ ಮರೆಯಬೇಡಿ: ಒಟ್ಟಾರೆ ಚೆನ್ನಾಗಿ ಬಂದು ಒಂದೇ ವಿಭಾಗದಲ್ಲಿ ಮುಗ್ಗರಿಸಿದವರಿಗೆ ಆ ಒಂದನ್ನು ಎತ್ತಿದರೆ ಸಾಕು.

ಏರಬೇಕಾದ ಎತ್ತರವನ್ನೂ ಅಳೆಯಿರಿ. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ. 95 ಪರ್ಸೆಂಟೈಲ್ ಎಂದರೆ ನಿಮಗಿಂತ ಮುಂದೆ ಹದಿನಾಲ್ಕೂವರೆ ಸಾವಿರ ಜನ, 99 ಎಂದರೆ ಮೂರು ಸಾವಿರಕ್ಕೂ ಕಡಿಮೆ. ನಡುವಿನ ಜನರೂ ನಿಮ್ಮಂತೆಯೇ ಓದುತ್ತಿರುತ್ತಾರೆ. ಎರಡು, ಮೂರನೆಯ ಕಾಲಂಗಳಲ್ಲಿ ಕಳೆದ ಅಂಕಗಳನ್ನು ಕೂಡಿ, ಅದರ ಅರ್ಧವಷ್ಟೇ ಮರಳಿ ಬಂದೀತೆಂದು ಎಣಿಸಿ. ಅಷ್ಟರಿಂದಲೂ ಗುರಿ ಹತ್ತಿರವಾಗುತ್ತದೆಯೆ?

ಕೆಲಸದಲ್ಲಿದ್ದರೆ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಎರಡು ಗಂಟೆ ಓದು, ಭಾನುವಾರ ಒಂದು ಮಾಕ್ ಟೆಸ್ಟ್, ಅದರ ವಿಶ್ಲೇಷಣೆಗೆ ಇನ್ನೂ ಮೂರು ಗಂಟೆ ಎಂದು ಮೀಸಲಿಟ್ಟರೆ ನಡೆಯುತ್ತದೆ. ಖಾಲಿ ಕುಳಿತ ವರ್ಷವನ್ನು ಸಂದರ್ಶನದಲ್ಲಿ ವಿವರಿಸುವುದು ಕಷ್ಟ. ಈ ವರ್ಷದ ಬಾಗಿಲುಗಳೂ ಇನ್ನೂ ಮುಚ್ಚಿಲ್ಲ: ಜನವರಿಯಲ್ಲಿ ಎಕ್ಸ್‌ಎಟಿ ಎಂಬ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಇದೆ (ಅರ್ಜಿ ಮೊದಲೇ ಹಾಕಿರಬೇಕು), ನಮ್ಮ ರಾಜ್ಯದ ಎಂಬಿಎ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಇದೆ.

ಮನೆಯವರೊಂದಿಗೆ ಮಾತು ಕೊನೆಗೆ, ನೋಟ್‌ಬುಕ್ ಸಮೇತ. ಹೆಣ್ಣುಮಕ್ಕಳಿಗೆ ಇನ್ನೊಂದು ವರ್ಷ ಕೇಳಿ ಪಡೆಯುವುದು ಇಂದಿಗೂ ಸುಲಭವಲ್ಲ. ಮದುವೆಯ ಮಾತು ಆಗಲೇ ಶುರುವಾಗಿರುತ್ತದೆ. ನನ್ನ ಅಕ್ಕನ ಮಗಳು ಅಳಲಿಲ್ಲ, ವಾದಿಸಲಿಲ್ಲ. ಆ ಎರಡು ಸೆಟ್‌ಗಳ ಪುಟ ತೆರೆದು ಅಪ್ಪನ ಮುಂದಿಟ್ಟಳು. ಭಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ಇದು ಅವತ್ತೇ ಬರುತ್ತಿತ್ತಾ?’ ಎಂದು ಕೇಳಿದರು. ಅನುಮತಿ ಸಿಕ್ಕಿತು.

ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಆರಂಭವಾಗಿ ಸೆಪ್ಟೆಂಬರ್‌ವರೆಗೂ ತೆರೆದಿರುತ್ತದೆ. 2025ರಲ್ಲಿ ಶುಲ್ಕ 2,600 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 1,300 ಇತ್ತು. ಶುಲ್ಕ ಕಟ್ಟುವ ಮುನ್ನ ಐದು ಮಾಕ್ ಟೆಸ್ಟ್ ಬರೆದು, ಮತ್ತೆ ಅದೇ ಮೂರು ಕಾಲಂ ಎಳೆಯಿರಿ. ಕಳೆದ ವರ್ಷ ತುಂಬಿದ್ದ ಕಾಲಂ ಈಗಲೂ ಅಷ್ಟೇ ತುಂಬಿದ್ದರೆ, ಆ ವರ್ಷ ಬರೆಯಬೇಡಿ.