ಅಕ್ವೇರಿಯಂನ ಮರಿಮೀನುಗಳಿಗೆ ಕಾಯಿಲೆ ಬಂದಾಗ: ಔಷಧಿಗಿಂತ ಮೊದಲು ನೀರು

ಗಪ್ಪಿ ಅಥವಾ ಮಾಲಿ ಮೀನಿನ ಮರಿಗಳು ಒಂದೊಂದಾಗಿ ಸಾಯತೊಡಗಿದರೆ, ಹೊಸದಾಗಿ ಮೀನು ಸಾಕುವವರು ಮೊದಲು ಅಂಗಡಿಗೆ ಹೋಗಿ ನೀಲಿ ಔಷಧಿಯ ಬಾಟಲಿ ತರುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಧಾರವಾಡದ ನಮ್ಮ ಮನೆಯಲ್ಲಿ ಒಂದು ಡಿಸೆಂಬರ್ ತಿಂಗಳು, ನಳ ಬಂದ ದಿನವೇ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಿದೆ. ಮರುದಿನ ಬೆಳಿಗ್ಗೆ ಮರಿಗಳೆಲ್ಲ ಒಂದೇ ಮೂಲೆಯಲ್ಲಿ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಆಮೇಲೆ ಹಾಕಿದ ಔಷಧಿಯಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಅವುಗಳನ್ನು ಕಾಡಿದ್ದು ರೋಗವಲ್ಲ, ಕ್ಲೋರಿನ್ ಮತ್ತು ಚಳಿ.

ಆದ್ದರಿಂದ ಮರಿಗಳು ಮಂಕಾದ ಕೂಡಲೇ ನೀರನ್ನು ಪರೀಕ್ಷಿಸಬೇಕು. ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ಹೊಸ ತೊಟ್ಟಿಯಲ್ಲಿ ಮರಿಗಳು ಸಾಯುವುದಕ್ಕೆ ಇದೇ ದೊಡ್ಡ ಕಾರಣ. ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ, ಸೊನ್ನೆಗೆ ಬರುವವರೆಗೆ ದಿನವೂ ಕಾಲು ಭಾಗ ನೀರನ್ನು ಬದಲಿಸಬೇಕು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಎರಡು ಸಲ ಹಿಂಡಿದರೆ ಸಾಕು.

ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿ ನಳದ ನೀರು ಹಲವು ದಿನಗಳಿಗೊಮ್ಮೆ ಬರುವುದರಿಂದ ನಾವು ಹೇಗಿದ್ದರೂ ನೀರು ಹಿಡಿದಿಡುತ್ತೇವೆ, ಆದರೆ ಮುಚ್ಚಿದ ಟ್ಯಾಂಕಿನಲ್ಲಿ ಕ್ಲೋರಿನ್ ಬೇಗ ಹೋಗುವುದಿಲ್ಲ. ಅಗಲ ಬಾಯಿಯ ಬಕೆಟ್ಟಿನಲ್ಲಿ ತೆರೆದಿಟ್ಟು, ಸಾಧ್ಯವಿದ್ದರೆ ಏರ್ ಪಂಪ್ ಹಚ್ಚಿ, 24 ಗಂಟೆ ಬಿಟ್ಟ ನೀರನ್ನು ಬಳಸಬೇಕು. ಅವಸರವಿದ್ದರೆ ಅಂಗಡಿಯ ಆ್ಯಂಟಿ ಕ್ಲೋರಿನ್ ಆಗುತ್ತದೆ. ಬೋರಿನ ಸವಳು ನೀರನ್ನು ಗಪ್ಪಿ, ಮಾಲಿಗಳು ತಾಳಿಕೊಳ್ಳುತ್ತವೆಯಾದರೂ, ಕ್ಷಾರಗುಣ ಹೆಚ್ಚಿದ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು.

ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಈ ಮರಿಗಳಿಗೆ ಬೇಕಾದದ್ದು 25ರಿಂದ 27 ಡಿಗ್ರಿ. 20 ಲೀಟರಿನ ತೊಟ್ಟಿಗೆ 25 ವ್ಯಾಟ್‌ನ ಹೀಟರ್ ಸಾಕು, ಥರ್ಮಾಮೀಟರ್ ಮಾತ್ರ ಇರಲೇಬೇಕು.

ನೀರು ಸರಿಯಿದ್ದೂ ಮರಿ ಸೊರಗಿದ್ದರೆ, ಟಾರ್ಚನ್ನು ಗಾಜಿನ ಪಕ್ಕದಿಂದ ಹಿಡಿದು ನೋಡಬೇಕು. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ಮುಂದೆ ಸಾಗದೆ ನಿಂತಲ್ಲೇ ನಡುಗುವ ಮರಿಯ ಬಾಲದ ಮೇಲೆ ಸಣ್ಣ ರವೆಯ ಕಾಳಿನಂತಹ ಬಿಳಿ ಚುಕ್ಕೆಗಳು ಕಂಡರೆ ಅದು ಬಿಳಿಚುಕ್ಕೆ ರೋಗ. ಇದನ್ನುಂಟುಮಾಡುವ ಪರಾವಲಂಬಿ ಜೀವಿ ಮೀನಿನ ಚರ್ಮದ ಒಳಗಿರುವಾಗ ಯಾವ ಮದ್ದೂ ಅದನ್ನು ತಟ್ಟುವುದಿಲ್ಲ. ಅದು ಕಳಚಿ ಬಿದ್ದು, ಒಡೆದು, ಹೊಸ ಮರಿಜೀವಿಗಳು ನೀರಿನಲ್ಲಿ ಈಜುವ ಅಲ್ಪ ಅವಧಿಯಲ್ಲಿ ಮಾತ್ರ ಅವನ್ನು ಕೊಲ್ಲಬಹುದು. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನಕ್ಕೇ ಚಿಕಿತ್ಸೆ ನಿಲ್ಲಿಸಿದರೆ ರೋಗ ಮರಳಿ ಬರುತ್ತದೆ.

ಕಾಯಿಲೆಯ ಮರಿಗಳನ್ನು ಗಿಡ, ಬಸವನಹುಳು ಯಾವುದೂ ಇಲ್ಲದ ಬೇರೆ ತೊಟ್ಟಿಗೆ ತೆಗೆದು, ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಹರಳುಪ್ಪನ್ನು ಲೋಟದಲ್ಲಿ ಕರಗಿಸಿ ನಿಧಾನವಾಗಿ ಸುರಿಯಬೇಕು. ಮರುದಿನ ಇನ್ನೊಂದು ಗ್ರಾಂ. ಅಂದರೆ 20 ಲೀಟರಿಗೆ ಒಟ್ಟು 40 ಗ್ರಾಂ. 5 ಲೀಟರ್ ನೀರು ಬದಲಿಸಿದ ದಿನ ಆ 5 ಲೀಟರಿಗಷ್ಟೇ, ಎಂದರೆ 10 ಗ್ರಾಂ ಉಪ್ಪು ಸೇರಿಸಬೇಕು. ಇಲ್ಲಿ ಎಡವುವವರೇ ಹೆಚ್ಚು: ಆವಿಯಾದ ನೀರಿನ ಜೊತೆ ಉಪ್ಪು ಹೋಗುವುದಿಲ್ಲವಾದ್ದರಿಂದ, ಆ ಕೊರತೆಯನ್ನು ಬರಿಯ ನೀರಿನಿಂದ ತುಂಬಬೇಕು. ಜೊತೆಗೆ ಉಷ್ಣಾಂಶವನ್ನು ಕೆಲವು ಗಂಟೆಗಳಿಗೆ ಒಂದು ಡಿಗ್ರಿಯಂತೆ 28ಕ್ಕೆ ಏರಿಸಿದರೆ ರೋಗಾಣುವಿನ ಜೀವನಚಕ್ರ ಬೇಗ ಮುಗಿಯುತ್ತದೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಏರ್ ಪಂಪ್ ಹಗಲಿರುಳು ನಡೆಯಬೇಕು. ಬಾಯಿಯ ಸುತ್ತ ಹತ್ತಿಯಂತಹ ಬಿಳಿ ಪೊರೆ ಕಂಡರೆ ಮಾತ್ರ ಬಿಸಿ ಏರಿಸಬಾರದು. ಅದು ಬ್ಯಾಕ್ಟೀರಿಯಾದ ಸೋಂಕು ಇರಬಹುದು, ಬಿಸಿಯಲ್ಲಿ ಅದು ಉಲ್ಬಣಿಸುತ್ತದೆ.

ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಬೂಷ್ಟಿಗೆ ಉಪಯುಕ್ತ. ಆದರೆ ಅದು ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಪ್ರತ್ಯೇಕ ಪಾತ್ರೆಯಲ್ಲಿ ಮಾತ್ರ ಬಳಸಬೇಕು. ಮನುಷ್ಯರ ಆ್ಯಂಟಿಬಯೋಟಿಕ್ ಕ್ಯಾಪ್ಸೂಲನ್ನು ಒಡೆದು ಸುರಿಯುವುದನ್ನು ನಾನು ಯಾರಿಗೂ ಹೇಳಲಾರೆ.

ಕಾಯಿಲೆಯಲ್ಲಿಯೂ ಮರಿಗಳನ್ನು ಪೂರ್ತಿ ಉಪವಾಸ ಕೆಡವಬಾರದು. ಚಿಟಿಕೆಗಿಂತ ಕಡಿಮೆ ಪುಡಿ ಆಹಾರವನ್ನು ದಿನಕ್ಕೆ ಮೂರು ಸಲ ಕೊಟ್ಟು, ಉಳಿದದ್ದನ್ನು ತೆಳುವಾದ ಏರ್ ಪೈಪಿನಿಂದ ಹೀರಿ ತೆಗೆಯಬೇಕು. ಬೇಯಿಸಿದ ಮೊಟ್ಟೆಯ ಹಳದಿ ಒಳ್ಳೆಯ ಆಹಾರವೇ, ಆದರೆ ನೀರನ್ನು ಬೇಗ ಕೆಡಿಸುವುದರಿಂದ ಗುಣವಾಗುವ ತನಕ ಬೇಡ.

ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಉಪ್ಪನ್ನು ಹಾಗೆಯೇ ಇರಿಸಿ, ಅನಂತರ ಉಪ್ಪು ಹಾಕದ ನೀರಿನಿಂದ ದಿನವೂ ಕಾಲು ಭಾಗ ಬದಲಿಸುತ್ತ ಬಂದು, ನಾಲ್ಕೈದು ದಿನಗಳ ಬಳಿಕ ಮರಿಗಳನ್ನು ಹಳೆಯ ತೊಟ್ಟಿಗೆ ಬಿಡಬಹುದು. ಅವಕ್ಕೆ ಬಳಸಿದ ಬಲೆಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ಬೇರೆ ತೊಟ್ಟಿಗೆ ಅದ್ದಬಾರದು.