ಕಚೇರಿಗೆ ಎರಡು ಕಕ್ಕಸು ಸಾಕಿತ್ತು

ಮಂಗಳೂರು ಬಂದರಿನ ಬದಿಯ ಹಳೇ ವ್ಯಾಪಾರಿ ಕಚೇರಿಯೊಂದನ್ನು ಹನ್ನೆರಡು ಕೋಣೆಯ ಬೂಟಿಕ್ ಹೋಟೆಲ್ ಮಾಡಿದ ಕೆಲಸದ ವಿವರ ಇದು. ಎರಡು ಅಂತಸ್ತು, ಕೆಂಪುಕಲ್ಲಿನ ಗೋಡೆ, ಮೇಲೆ ಹಲಗೆ ಹಾಸಿದ ಉಪ್ಪರಿಗೆ, ಅದರ ಮೇಲೆ ಹಂಚಿನ ಮಾಡು. ಕೆಳಗೆ ಗೋದಾಮು, ಮೇಲೆ ಗುಮಾಸ್ತರ ಮೇಜು, ಹೀಗೆ ಕಟ್ಟಿದ್ದು. ನಡುವೆ ಕೆಲವು ವರ್ಷ ಬ್ಯಾಂಕಿಗೆ ಬಾಡಿಗೆಗೆ ಹೋಗಿ ಕೆಳಗೊಂದು ಸ್ಟ್ರಾಂಗ್ ರೂಂ ಸೇರಿಕೊಂಡಿತ್ತು. ಇಷ್ಟು ದೊಡ್ಡ ಕಟ್ಟಡಕ್ಕೆ ಇದ್ದದ್ದು ಹಿತ್ತಲಿನ ಎರಡು ಕಕ್ಕಸು. ಹೋಟೆಲಿಗೆ ಬೇಕಾದದ್ದು ಹದಿನಾಲ್ಕು. ಖರ್ಚು, ತಕರಾರು, ಸೋರಿಕೆ ಎಲ್ಲವೂ ಹುಟ್ಟಿದ್ದು ಈ ಲೆಕ್ಕದಿಂದಲೇ. ಬಣ್ಣ, ಮಂಚ, ತೂಗುದೀಪ ಇವೆಲ್ಲ ಕೊನೇ ತಿಂಗಳ ಮಾತು.

ಮೊದಲು ಕಟ್ಟಡದ ವಯಸ್ಸು ಗೊತ್ತಾಗಬೇಕು. ಬ್ರೋಷರಿಗಾಗಿ ಅಲ್ಲ, ಯಾವ ಗೋಡೆ ಮೂಲದ್ದು, ಯಾವುದು ಆಮೇಲೆ ಎಬ್ಬಿಸಿದ್ದು ಎಂದು ತಿಳಿಯದೆ ಯಾವುದಕ್ಕೂ ಸುತ್ತಿಗೆ ಹಾಕುವಂತಿಲ್ಲ. ಸಾಮಾನ್ಯವಾಗಿ ಎಲ್ಲರೂ ಒಂದು ಹಂಚು ತೆಗೆದು ತಿರುಗಿಸಿ ನೋಡುತ್ತಾರೆ. ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಎಂದು ಅಚ್ಚು ಕಂಡರೆ ಕಟ್ಟಡವೂ ಅದೇ ವರ್ಷದ್ದೆಂದು ಹೇಳಿಬಿಡುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋಗಿ ಹಂಚಿನ ಮೇಲಿನ ಹೆಸರೂ ಬದಲಾಯಿತು. ಹಾಗಾಗಿ ಆ ಹೆಸರಿನಿಂದ ಯುದ್ಧಕ್ಕೆ ಹಿಂದಿನದೋ ಮುಂದಿನದೋ ಎಂದು ಅಂದಾಜಿಸಬಹುದು, ಅದೂ ಮಾಡಿನ ಮಟ್ಟಿಗೆ ಮಾತ್ರ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಸಿಗುವುದು ನಮ್ಮೂರಲ್ಲಿ ಮಾಮೂಲು.

ಹಂಚಿಗಿಂತ ದಸ್ತಾವೇಜು ನಂಬಿಗಸ್ತ. 1956ಕ್ಕಿಂತ ಹಿಂದಿನವು ಮದರಾಸು ಸರಕಾರದ ಕಾಲದವು. ಅವುಗಳಲ್ಲಿ ಮುಖ್ಯವಾಗಿ ಹುಡುಕಬೇಕಾದ ಶಬ್ದ ‘ಮೂಲಗೇಣಿ’, ಅಂದರೆ ನೆಲದ ಕಾಯಂ ಗೇಣಿ. ಪೇಟೆಯ ಹಳೇ ಜಾಗಗಳಲ್ಲಿ ಕಟ್ಟಡ ಒಬ್ಬರದ್ದು, ಅಡಿಯ ನೆಲದ ಮೂಲಹಕ್ಕು ಇನ್ನೊಬ್ಬರದ್ದು ಎಂಬುದು ಅಪರೂಪವಲ್ಲ. ಇದು ಇತ್ಯರ್ಥವಾಗದೆ ಬ್ಯಾಂಕ್ ಸಾಲದ ಮಾತೆತ್ತುವುದೂ ಕಷ್ಟ. 1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಮೇಜರ್ ಬಂದರುಗಳ ಸಾಲಿಗೆ ಸೇರಿದ ಮೇಲೆ ದೊಡ್ಡ ಹಡಗಿನ ವ್ಯವಹಾರ ಅತ್ತ ಸರಿಯಿತು. ಹಳೇ ಬಂದರಿನ ಕಚೇರಿಗಳಲ್ಲಿ ಹಲವು ಖಾಲಿಯಾದವು, ಹಲವು ತುಂಡುತುಂಡಾಗಿ ಬಾಡಿಗೆಗೆ ಹೋದವು. ಬಾಡಿಗೆದಾರರು ಎಬ್ಬಿಸಿದ ಅಡ್ಡಗೋಡೆಗಳನ್ನು ಗುರುತಿಸುವುದು ಸುಲಭ. ಅವು ಸಿಮೆಂಟಿನವು, ಮೂಲಗೋಡೆಗೆ ಹೆಣೆದುಕೊಂಡಿರುವುದಿಲ್ಲ, ಕೂಡುವಲ್ಲಿ ನೇರ ಬಿರುಕು ಇರುತ್ತದೆ. ಅವನ್ನೆಲ್ಲ ತೆಗೆದೆವು.

ಇನ್ನು ಬಚ್ಚಲು. ಉಪ್ಪರಿಗೆಯ ಹಲಗೆಯ ಮೇಲೆಯೇ ಬಚ್ಚಲು ಕಟ್ಟುವ ನಕ್ಷೆ ಮೊದಲು ಬಂತು. ನಾಲ್ಕೂವರೆ ಅಡಿಗೆ ಏಳು ಅಡಿಯ ಒಂದು ಬಚ್ಚಲಿಗೆ ನಾಲ್ಕು ಇಂಚು ಕಾಂಕ್ರೀಟು ಹಾಕಿದರೂ ಸುಮಾರು ಏಳುನೂರು ಕಿಲೋ. ಮೇಲೆ ಆರು ಬಚ್ಚಲು ಎಂದರೆ ನಾಲ್ಕು ಟನ್ನಿಗೂ ಹೆಚ್ಚು, ಗೋಡೆ ಮತ್ತು ಟೈಲ್ಸ್ ಬಿಟ್ಟು. ತೇಗದ ತೊಲೆ ತೂಕವನ್ನು ಹೇಗೋ ತಡೆದುಕೊಂಡೀತು. ಆದರೆ ಒಂದು ಜಾಯಿಂಟ್ ಹನಿದರೂ ತೊಲೆಯ ತುದಿ ಗೋಡೆಯೊಳಗೆ ಕುಳಿತ ಜಾಗದಲ್ಲಿ, ಅಂದರೆ ಯಾರ ಕಣ್ಣಿಗೂ ಬೀಳದ ಕಡೆ, ಕುಂಬಾಗಲು ಶುರುವಾಗುತ್ತದೆ. ಹಿಂದೆಯೇ ಒರಲೆ. ಆ ನಕ್ಷೆ ಬಿಟ್ಟೆವು.

ಹಿತ್ತಲಿನ ಗೋಡೆಯ ಹೊರಗೆ ಕಾಂಕ್ರೀಟಿನ ಪ್ರತ್ಯೇಕ ಚೌಕಟ್ಟು ಎಬ್ಬಿಸಿ ಎಲ್ಲ ಬಚ್ಚಲುಗಳನ್ನೂ ಅದರಲ್ಲಿ ಒಂದರ ಮೇಲೊಂದು ಕೂರಿಸಿದೆವು. ಕೋಣೆಯಿಂದ ದಾರಿ ಹಳೇ ಕಿಟಕಿಯ ಮೂಲಕವೇ. ಕಿಟಕಿಯ ಕೆಳಗಿನ ಕಲ್ಲು ಮಾತ್ರ ಕೊಯ್ದು ಬಾಗಿಲು ಮಾಡಿದ್ದು, ಮೇಲಿನ ಲಿಂಟಲ್ ಮುಟ್ಟಲಿಲ್ಲ. ಹೊಸ ಚೌಕಟ್ಟಿಗೂ ಹಳೇ ಗೋಡೆಗೂ ನಡುವೆ ಒಂದು ಇಂಚು ಸಂದು. ಹೊಸ ಅಡಿಪಾಯ ಮೊದಲ ಒಂದೆರಡು ಮಳೆಗಾಲದಲ್ಲಿ ತುಸು ಕೂರುತ್ತದೆ, ಹಳೇ ಗೋಡೆ ಕೂತು ಮುಗಿದಿದೆ. ಎರಡನ್ನೂ ಕಟ್ಟಿಹಾಕಿದರೆ ಬಿರುಕು ಬರುವುದು ಹಳೆಯದರಲ್ಲೇ. ಸಂದಿನ ಮೇಲೆ ಅಲ್ಯೂಮಿನಿಯಂ ತಗಡು ಮಡಚಿ ಹಾಕಿ, ಅದರ ಒಂದು ಅಂಚನ್ನಷ್ಟೇ ಬಿಗಿದೆವು. ಬಚ್ಚಲಿನ ನೆಲ ಕೋಣೆಯ ನೆಲಕ್ಕಿಂತ 20 ಮಿಲಿಮೀಟರ್ ಕೆಳಗೆ.

ಕಕ್ಕಸಿಗೆ 110 ಮಿಲಿಮೀಟರ್ ಕೊಳವೆ, ಮೀಯುವ ನೀರಿಗೆ ಬೇರೆಯೇ 75ರದ್ದು. ಅಡ್ಡ ಓಡುವ ಕಡೆ 60ಕ್ಕೆ 1ರ ಇಳಿಜಾರು. ಟೈಲ್ಸ್ ಹಾಕುವ ಮೊದಲು ನೀರು ಹೊರಹೋಗುವ ಟ್ರಾಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಬೇಕು. ನಮ್ಮಲ್ಲಿ ಮೊದಲ ಸಲ ಎರಡು ಬಚ್ಚಲು ಸೋರಿತು. ವಾಟರ್‌ಪ್ರೂಫಿಂಗ್ ಆದ ಮೇಲೆ ಪ್ಲಂಬರ್ ಬಂದು ಕೊಳವೆ ಸುತ್ತ ತೂತು ದೊಡ್ಡದು ಮಾಡಿದ್ದೇ ಕಾರಣ. ಆಮೇಲೆ ಕೊಳವೆ ಕೆಲಸ ಪೂರ್ತಿ ಮುಗಿಯದೆ ವಾಟರ್‌ಪ್ರೂಫಿಂಗಿನ ಡಬ್ಬ ತೆರೆಯಲು ಬಿಡಲಿಲ್ಲ. ಇನ್ನೊಂದು ವಿಷಯ: ಜೂನ್ ಜುಲೈಯಲ್ಲಿ ಮಳೆನೀರು ಒಳಚರಂಡಿಗೆ ನುಗ್ಗಿ ತಗ್ಗಿನ ಬೀದಿಗಳಲ್ಲಿ ಹಿಂದಕ್ಕೆ ಬರುತ್ತದೆ. ರಸ್ತೆಗೆ ಸೇರುವ ಕೊನೆಯ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ ಇಲ್ಲದಿದ್ದರೆ ಅದು ಮೊದಲು ಕಾಣಿಸಿಕೊಳ್ಳುವುದು ಕೆಳಗಿನ ಕೋಣೆಯ ಕಮೋಡಿನಲ್ಲಿ.

ನೀರಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ಹಿಡಿದೆವು, ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್. ಇಪ್ಪತ್ತನಾಲ್ಕು ಹಾಸಿಗೆಗೆ 4,320. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಮೇ ತಿಂಗಳಲ್ಲಿ ಪಾಲಿಕೆ ದಿನ ಬಿಟ್ಟು ದಿನ ನೀರು ಕೊಡುವುದುಂಟು. ಅದಕ್ಕೇ ನೆಲದಡಿಯ ತೊಟ್ಟಿ 10,000 ಲೀಟರಿನದ್ದು. ಹಿತ್ತಲಿನ ಬಾವಿ ತೋಟಕ್ಕೆ ಮತ್ತು ಫ್ಲಶ್ಶಿಗೆ ಮಾತ್ರ. ಬಂದರಿನ ಬದಿಯ ಬಾವಿ ಬೇಸಗೆಯಲ್ಲಿ ಉಪ್ಪಾದರೆ ಗೀಸರಿನ ಕಾಯಿಲ್ ಉಳಿಯುವುದಿಲ್ಲ. ಮೇಲಿನ ಟ್ಯಾಂಕ್ ಕೂಡ ಹೊಸ ಚೌಕಟ್ಟಿನ ಮೇಲೆಯೇ.

ಮಾಡು ಬಿಚ್ಚುವುದಾದರೆ ನವೆಂಬರ್ ಕಳೆದ ಮೇಲೆ. ಏಪ್ರಿಲ್ ಕೊನೆಗೆ ಮುಚ್ಚಿರಬೇಕು, ಮೇ ತಿಂಗಳ ಗುಡುಗುಮಳೆಯನ್ನು ನಂಬುವಂತಿಲ್ಲ. ಚದರ ಮೀಟರಿಗೆ ಸುಮಾರು 16 ಹಂಚು. ನಮ್ಮ ಮೂರು ಸಾವಿರ ಚದರಡಿಗೆ ನಾಲ್ಕೂವರೆ ಸಾವಿರ, ಒಡೆಯುವುದಕ್ಕೆ ಶೇಕಡಾ ಹತ್ತು ಹೆಚ್ಚಿಗೆ. ಬೇರೆ ಬೇರೆ ಕಾರ್ಖಾನೆಯ ಹಂಚುಗಳ ಅಂಚಿನ ತೋಡು ಒಂದಕ್ಕೊಂದು ಕೂರುವುದಿಲ್ಲ, ಮಳೆ ಗಾಳಿಗೆ ಅಲ್ಲೇ ನೀರು ಏರುತ್ತದೆ. ಅದಕ್ಕೆ ಇಳಿಸುವಾಗಲೇ ಹೆಸರು ನೋಡಿ ರಾಶಿ ಹಾಕಿಸಿ, ಹಳೆಯವನ್ನೆಲ್ಲ ಬೀದಿಯ ಕಡೆಯ ಇಳಿಜಾರಿಗೂ ಹೊಸತನ್ನು ಹಿತ್ತಲಿನ ಕಡೆಗೂ ಹಾಕಿದೆವು. ಮಾಡಿನ ಇಳಿಜಾರಿನ ಮರಗಳಾದ ಪಕ್ಕಾಸುಗಳಲ್ಲಿ ಕಿರಾಲ್‌ಬೋಗಿ ಮರದವು ಗಟ್ಟಿಯಾಗಿದ್ದವು. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳನ್ನು ಮಾತ್ರ ಪೂರ್ತಿ ಬದಲಿಸಿದೆವು, ಮೊಳೆ ಸ್ಟೇನ್‌ಲೆಸ್ ಸ್ಟೀಲಿನದ್ದು. ಸಮುದ್ರದ ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿ ರೀಪನ್ನೇ ಸೀಳುತ್ತದೆ.

ಕಚೇರಿಯ ಮಾಡು ಗಾಳಿಯಾಡಿದರೆ ಒಳ್ಳೆಯದಿತ್ತು. ಎಸಿ ಕೋಣೆಯ ಮಾಡು ಹಾಗಲ್ಲ. ಪಕ್ಕಾಸಿನ ಮೇಲೆ ಹಲಗೆ, ಅದರ ಮೇಲೆ ಆವಿ ಬಿಡುವ ಆದರೆ ನೀರು ಬಿಡದ ಹಾಳೆ, ಇಳಿಜಾರಿನ ಉದ್ದಕ್ಕೆ ಒಂದು ಇಂಚಿನ ಪಟ್ಟಿ, ಪಟ್ಟಿಯ ಮೇಲೆ ಅಡ್ಡಕ್ಕೆ ರೀಪು, ಆಮೇಲೆ ಹಂಚು. ಆ ಒಂದು ಇಂಚಿನಲ್ಲಿ ಗಾಳಿ ಕೆಳಗಿನಿಂದ ನೆತ್ತಿಯವರೆಗೆ ಓಡಬೇಕು. ಬೆಳ್ಳಿ ಬಣ್ಣದ ಫಾಯಿಲ್ ಹಾಳೆಯನ್ನು ಹಂಚಿಗೆ ತಾಗಿಸಿ ಹಾಕಿದ ಕಡೆಗಳಲ್ಲಿ ಅದರ ಮೇಲೆ ನೀರು ಬೆವರಿ ರೀಪು ಎರಡೇ ಮಳೆಗಾಲಕ್ಕೆ ಕಪ್ಪಾದದ್ದನ್ನು ನೋಡಿದ್ದೇವೆ.

ಗೋಡೆಯ ಮೇಲೆ ಯಾರೋ ಹಿಂದೆ ಸಿಮೆಂಟು ಗಾರೆ ಹಾಕಿಸಿದ್ದರು. ಕೆಂಪುಕಲ್ಲು ನೀರು ಕುಡಿಯುವ ಕಲ್ಲು. ಹಳೇ ಗೋಡೆಗೆ ಅಡಿಯಿಂದ ತೇವ ತಡೆಯುವ ಪದರ ಇರುವುದಿಲ್ಲ, ಏರಿದ ನೀರು ಗೋಡೆಯ ಮೈಯಿಂದಲೇ ಆರಬೇಕು. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ, ತೇವ ಇನ್ನೂ ಮೇಲೇರುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಗಾರೆ ಕೆತ್ತಿ ತೆಗೆದು ಒಂದು ಬೇಸಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟೆವು. ಕೆತ್ತುವುದಕ್ಕೆ ಸಣ್ಣ ಸುತ್ತಿಗೆಯೇ ಆಗಬೇಕು, ಯಂತ್ರ ಹಿಡಿದರೆ ಸಿಮೆಂಟಿನ ಜೊತೆ ಕಲ್ಲಿನ ಮೈಯೂ ಬರುತ್ತದೆ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ಎರಡು ಕೈ, ಒಂದೊಂದೂ ಅರ್ಧ ಇಂಚಿಗಿಂತ ದಪ್ಪವಿಲ್ಲ. ಸಮುದ್ರದ ಬದಿಯ ಮರಳು ಬೇಡವೇ ಬೇಡ. ಏಳು ದಿನ ತೇವ ಆರದಂತೆ ನೋಡಿಕೊಂಡು, ಕೊನೆಗೆ ಮೂರು ಕೈ ಸುಣ್ಣ. ಪುಟ್ಟಿ ಮುಟ್ಟಿಸಲಿಲ್ಲ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ. ಸಿಕ್ಕವರ ದಿನ ನೋಡಿಕೊಂಡು ಉಳಿದ ಕೆಲಸ ಹೊಂದಿಸಿದೆವು. ವಯರಿಂಗಿಗೆ ಗೋಡೆ ಕೊರೆಯಲಿಲ್ಲ, ಎಲ್ಲ ಮರದ ಪಟ್ಟಿಯೊಳಗೆ ಹೊರಗಿನಿಂದಲೇ. ರೆಡ್ ಆಕ್ಸೈಡ್ ನೆಲದಲ್ಲಿ ಒಡೆದ ಕಡೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಆ ಚೌಕ ಪೂರ್ತಿ ತೆಗೆದು ಹಾಕಬೇಕು. ಬಣ್ಣದ ಪುಡಿ ಸಿಮೆಂಟಿನ ತೂಕದ ಹತ್ತನೇ ಒಂದು ಪಾಲು ದಾಟಿದರೆ ನೆಲ ಪುಡಿಯೇಳುತ್ತದೆ.

ಉಪ್ಪರಿಗೆಯ ಹೆಜ್ಜೆ ಸದ್ದು ಪೂರ್ತಿ ನಿಲ್ಲಿಸಲಾಗಲಿಲ್ಲ. ಹಲಗೆಯ ಮೇಲೆ ರಬ್ಬರ್ ಹಾಸು, ಅದರ ಮೇಲೆ ಪ್ಲೈವುಡ್, ಮತ್ತೆ ಹಲಗೆ ಹಾಕಿದ್ದರಿಂದ ಕಡಿಮೆಯಾಗಿದೆ. ಆದರೆ ನೆಲ ಒಂದೂವರೆ ಇಂಚು ಎತ್ತರವಾಗಿ ಆಚಾರಿಯವರು ಹಳೇ ಬಾಗಿಲುಗಳ ಅಡಿ ಕೊಯ್ಯಬೇಕಾಯಿತು.

ಪರವಾನಗಿಗಳಲ್ಲಿ ಬಳಕೆ ಬದಲಾವಣೆಯ ಅನುಮತಿಯನ್ನೇ ಮೊದಲು ಹಿಡಿಯಿರಿ, ಉಳಿದದ್ದು ಅದರ ಹಿಂದೆ ಬರುತ್ತದೆ. ಬೆಂಕಿಯ ವಿಷಯದಲ್ಲಿ ಒಂದೇ ಮರದ ಮೆಟ್ಟಿಲು ಸಾಲದು. ಹಿತ್ತಲಿನ ಚೌಕಟ್ಟಿಗೆ ಹೊಂದಿಸಿ ಕಬ್ಬಿಣದ ಎರಡನೇ ಮೆಟ್ಟಿಲು ಇಳಿಸಿದೆವು. ವೆಂಕಟರಮಣ ದೇವಸ್ಥಾನದ ರಥೋತ್ಸವವಾದ ಕೋಡಿಯಾಲ್ ತೇರಿನ ದಿನಗಳಲ್ಲಿ ರಥಬೀದಿಯ ಆಸುಪಾಸಿಗೆ ಲಾರಿ ಬರುವುದಿಲ್ಲ, ಕಾಂಕ್ರೀಟು ಹಾಕುವ ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡುವುದು ಒಳ್ಳೆಯದು.

ಉಳಿದದ್ದು ಸ್ಟ್ರಾಂಗ್ ರೂಂ. ಒಡೆಯುವ ಮಾತಿರಲಿಲ್ಲ, ಅದರ ಕಾಂಕ್ರೀಟು ಗೋಡೆಗೆ ಯಂತ್ರ ಹಿಡಿದರೆ ಬದಿಯ ಕೆಂಪುಕಲ್ಲು ಅದುರುತ್ತದೆ. ಕಿಟಕಿ ಇಲ್ಲದ್ದರಿಂದ ಮಲಗುವ ಕೋಣೆಯಾಗಲಿಲ್ಲ. ಬಟ್ಟೆಬರೆ ಇಡುವ ಕೋಣೆ ಮಾಡಿದರೆ ಮೊದಲ ಜುಲೈಯಲ್ಲೇ ಬೆಡ್‌ಶೀಟುಗಳಿಗೆ ಬೂಸಲು ಬಂತು. ಈಗ ಅಲ್ಲಿ ಪೀಠೋಪಕರಣದ ಬಿಡಿಭಾಗಗಳೂ ಆರುನೂರು ಹಳೇ ಹಂಚುಗಳೂ ಇವೆ. ಮಾಡಿನ ಹಂಚು ಒಡೆದಾಗ ಅದೇ ಕಾರ್ಖಾನೆಯದ್ದು ಬೇಕಲ್ಲ.