ಎದೆ ಓಡುವಾಗಲೇ ಹಿಡಿಯಬೇಕು: ನನ್ನ ಅನುಭವ

ನನ್ನ ಫೈಲಿನಲ್ಲಿ ಮೂರು ಇಸಿಜಿ ಇದ್ದವು. ಮೂರೂ ನಾರ್ಮಲ್. ಆದರೂ ತಿಂಗಳಿಗೆ ಒಂದೆರಡು ಸಲ ನನ್ನ ಎದೆ ಹುಚ್ಚು ಹಿಡಿದ ಹಾಗೆ ಹೊಡೆದುಕೊಳ್ಳುತ್ತಿತ್ತು.

ತವರು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು 21 ವರ್ಷ ಆಯಿತು. ಕೆಲಸ ಮುಂಬಯಿಯ ಫೋರ್ಟ್‌ನಲ್ಲಿ, ದಿನಾ ಲೋಕಲ್ ಟ್ರೇನಿನಲ್ಲಿ ಪ್ರಯಾಣ. ಮೊದಲ ಸಲ ಆದದ್ದು ಅಡುಗೆಮನೆಯಲ್ಲಿ. ಕೆಳಗಿನ ಡಬ್ಬದಿಂದ ಅಕ್ಕಿ ತೆಗೆಯಲು ಬಗ್ಗಿ ಎದ್ದೆ, ಅಷ್ಟೇ. ಎದೆಯೊಳಗೆ ಯಾರೋ ಸ್ವಿಚ್ ಒತ್ತಿದ ಹಾಗೆ ಓಟ ಶುರುವಾಯಿತು. ಕತ್ತಿನಲ್ಲೂ ಪಟಪಟ ಬಡಿತ. ಹತ್ತು ನಿಮಿಷದ ಮೇಲೆ ಟಕ್ ಅಂತ ನಿಂತಿತು. ಆಮೇಲೆ ಒಂದು ಗಂಟೆಯಲ್ಲಿ ಮೂರು ಸಲ ಬಾತ್‌ರೂಮಿಗೆ ಓಡಬೇಕಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಆಗ ಹೊಳೆಯಲೇ ಇಲ್ಲ.

"ಅದು ಗ್ಯಾಸ್ ಮಾರಾಯ್ತಿ, ಮಜ್ಜಿಗೆಗೆ ಇಂಗು ಹಾಕಿ ಕುಡಿ" ಅಂದರು ಅತ್ತೆ. ಟ್ರೇನಿನ ಗೆಳತಿಯರು "ಟೆನ್ಶನ್ ಘೇಊ ನಕೋಸ್" (ಟೆನ್ಶನ್ ಮಾಡಿಕೊಳ್ಳಬೇಡ) ಅಂದರು. ನಾನು ತೋರಿಸಿಕೊಂಡ ಡಾಕ್ಟರ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು. 46 ವಯಸ್ಸು, ಮುಟ್ಟು ಏರುಪೇರು, ಆಫೀಸಿನ ಒತ್ತಡ. ಇಸಿಜಿ ತೆಗೆದರು, ಸರಿ ಇದೆ ಅಂದರು, ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟರು. ಹೀಗೆ ಎರಡು ವರ್ಷ ಕಳೆಯಿತು. ಆ ಎರಡು ವರ್ಷ ನನ್ನ ಮಾತನ್ನು ನಾನೇ ನಂಬಲಿಲ್ಲ ಅನ್ನುವುದು ಇವತ್ತಿಗೂ ನೋವಾಗುತ್ತದೆ.

ದಾರಿ ತೋರಿಸಿದವಳು ನನ್ನ ನಾದಿನಿ. ಅವಳು ನರ್ಸ್. "ಅತ್ತಿಗೆ, ಓಟ ನಿಂತ ಮೇಲೆ ತೆಗೆದ ಇಸಿಜಿಯಲ್ಲಿ ಏನು ಕಾಣುತ್ತದೆ? ಲೋಕಲ್ ಹೋದ ಮೇಲೆ ಪ್ಲಾಟ್‌ಫಾರ್ಮಿನ ಫೋಟೋ ತೆಗೆದ ಹಾಗೆ ಅದು" ಅಂದಳು. ಸಾಮಾನ್ಯ ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನಷ್ಟು ಬಡಿತ ಮಾತ್ರ. ಆ ಹತ್ತು ಸೆಕೆಂಡಿನಲ್ಲಿ ಎದೆ ಸುಮ್ಮನಿದ್ದರೆ ಕಾಗದವೂ ಸುಮ್ಮನಿರುತ್ತದೆ.

ಅವಳು ಹೇಳಿದ ಹಾಗೆ ಒಂದು ಚಿಕ್ಕ ಪುಸ್ತಕ ಪರ್ಸಿನಲ್ಲಿ ಇಟ್ಟೆ. ನಾಡಿ ಎಣಿಸುವುದನ್ನು ಕಲಿತೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುವುದು. ಹೆಬ್ಬೆರಳಿನಿಂದ ಎಣಿಸಬಾರದು, ಅದರದ್ದೇ ಬಡಿತ ಸೇರಿಕೊಳ್ಳುತ್ತದೆ. ಸುಮ್ಮನೆ ಕೂತಿರುವಾಗ 60ರಿಂದ 100 ಇದ್ದರೆ ಸರಿ. ಜೊತೆಗೆ ಸಮಯ, ಆಗ ಏನು ಮಾಡುತ್ತಿದ್ದೆ, ಮೆಲ್ಲಗೆ ಏರಿತಾ ಒಮ್ಮೆಲೇ ಏರಿತಾ, ಎಷ್ಟು ಹೊತ್ತು ಇತ್ತು, ಹೇಗೆ ನಿಂತಿತು, ಎಲ್ಲ ಬರೆದೆ. ಕುಡಿದ ಚಹಾ, ತೆಗೆದುಕೊಂಡ ಶೀತದ ಮಾತ್ರೆಯನ್ನೂ ಬಿಡಲಿಲ್ಲ. ಮೂಗು ಕಟ್ಟಿದಾಗ ನುಂಗುವ ಕೆಲವು ಮಾತ್ರೆಗಳೂ ಎದೆ ಓಡಿಸುತ್ತವೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮೇಜಿನ ಮೇಲೆ ಬೆರಳಿನಿಂದ ಬಡಿತವನ್ನು ಬಡಿದು ತೋರಿಸುವ ಅಭ್ಯಾಸ. "ಎದೆ ಹೊಡೆದುಕೊಳ್ಳುತ್ತದೆ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಬಡಿದು ತೋರಿಸಿದರೆ ತಿಳಿಯುತ್ತದೆ. ಒಂದು ಬಡಿತ ತಪ್ಪಿದ ಹಾಗಾಗಿ ಮುಂದಿನದು ದಬ್ ಅಂತ ಜೋರಾಗಿ ಬಿದ್ದರೆ ಅದು ನಡುವೆ ಬಂದ ಹೆಚ್ಚುವರಿ ಬಡಿತ. ತುಂಬಾ ಜನರಿಗೆ ಬರುತ್ತದೆ, ಹೃದಯ ಚೆನ್ನಾಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಲಯವೇ ಇಲ್ಲದೆ ಅಡ್ಡಾದಿಡ್ಡಿ ಹೋದರೆ ಅದು ಏಟ್ರಿಯಲ್ ಫಿಬ್ರಿಲೇಶನ್ ಇರಬಹುದು. ಅದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಇದೆ, ಹಾಗಾಗಿ ತಡಮಾಡಬಾರದು. ಭಯ, ಜ್ವರ, ರಕ್ತ ಕಡಿಮೆ ಇರುವುದು, ಥೈರಾಯ್ಡ್ ಜಾಸ್ತಿ ಆಗುವುದು, ಇವುಗಳಲ್ಲಿ ಬಡಿತ ಸಾಮಾನ್ಯವಾಗಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ನನ್ನದು ಗಡಿಯಾರದ ಹಾಗೆ ಸಮ, ಆದರೆ ವಿಪರೀತ ವೇಗ. ಒಮ್ಮೆಲೇ ಶುರು, ಒಮ್ಮೆಲೇ ಬಂದ್.

ಪುಸ್ತಕದ ಮೊದಲ ಪುಟ ನಾದಿನಿ ತಾನೇ ಬರೆದುಕೊಟ್ಟಳು. ಎದೆನೋವು ಬಂದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅಥವಾ ಬೀಳುವ ಹಾಗಾದರೆ, ಪುಸ್ತಕವೂ ಬೇಡ ಎಣಿಕೆಯೂ ಬೇಡ, 108ಕ್ಕೆ ಫೋನ್. ಓಡುವಾಗ, ಮೆಟ್ಟಿಲು ಹತ್ತುವಾಗ ಶುರುವಾದರೆ, ಮೊದಲೇ ಹೃದಯದ ಕಾಯಿಲೆ ಇದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಓಟ ನಿಂತಿತು ಅಂತ ಮನೆಯಲ್ಲಿ ಕೂರಬಾರದು. ನನ್ನಂಥ ಓಟ ಶುರುವಾದರೆ ನಿಲ್ಲುವ ತನಕ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಒಬ್ಬಳೇ ಹೋಗಬಾರದು. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ನಡುವೆ ಒಮ್ಮೆ 24 ಗಂಟೆಯೂ ಬಡಿತ ದಾಖಲಿಸುವ ಹೋಲ್ಟರ್ ಕಟ್ಟಿಸಿಕೊಂಡೆ. ಎದೆಗೆ ತಂತಿ ಅಂಟಿಸಿ, ಸೊಂಟಕ್ಕೆ ಚಿಕ್ಕ ಪೆಟ್ಟಿಗೆ. ಆ ದಿನ ಎದೆ ಒಂದು ಸಲವೂ ಓಡಲಿಲ್ಲ. ದಿನಾ ಬರುವ ಬಡಿತಕ್ಕೆ ಹೋಲ್ಟರ್ ಒಳ್ಳೆಯದು, ತಿಂಗಳಿಗೊಮ್ಮೆ ಬರುವುದಕ್ಕೆ ಸಾಲದು.

ಕೊನೆಗೆ ಸಿಕ್ಕಿದ್ದು ಟ್ರೇನಿನಲ್ಲಿ. ಬೆಳಿಗ್ಗೆಯ ಫಾಸ್ಟ್ ಲೋಕಲ್, ಲೇಡಿಸ್ ಡಬ್ಬಿ, ಮುಂಬ್ರಾ ದಾಟಿತ್ತು. ಬಿದ್ದ ಬ್ಯಾಗ್ ಎತ್ತಲು ಬಗ್ಗಿದೆ, ಶುರುವಾಯಿತು. ಎಣಿಸಲು ನೋಡಿದೆ, ಬೆರಳಿಗೆ ಸಿಗದಷ್ಟು ವೇಗ. ಹಿಂದೆಲ್ಲ ಕಣ್ಣು ಮುಚ್ಚಿ ಸಹಿಸಿಕೊಳ್ಳುತ್ತಿದ್ದೆ. ಈ ಸಲ ಪಕ್ಕದಲ್ಲಿದ್ದ ಕಾರ್ಕಳದ ಗೆಳತಿಯ ಕೈ ಹಿಡಿದು "ಥಾಣೆಯಲ್ಲಿ ಇಳಿಯೋಣ, ನೀನೂ ಬಾ" ಅಂದೆ. ಅವಳು ಏನೂ ಕೇಳದೆ ಇಳಿದಳು. ರಿಕ್ಷಾ ಹಿಡಿದು ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋದೆವು. ಬಾಗಿಲಲ್ಲೇ ಹೇಳಿದೆ: "ಈಗ ಓಡುತ್ತಿದೆ, ಮೊದಲು ಇಸಿಜಿ ತೆಗೆಯಿರಿ."

ತೆಗೆದರು. ನಿಮಿಷಕ್ಕೆ 184.

ಡಾಕ್ಟರ್ ಆ ಕಾಗದ ನೋಡಿ "ಎಸ್‌ವಿಟಿ" ಅಂದರು, ಅಂದರೆ ಹೃದಯದ ಮೇಲಿನ ಭಾಗದಿಂದ ಒಮ್ಮೆಲೇ ಶುರುವಾಗುವ ವಿಪರೀತ ವೇಗದ ಬಡಿತ. ಎರಡು ವರ್ಷದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು. ಬಿಪಿ ಸರಿ ಇತ್ತು. ಮೊದಲು 10 ಎಂಎಲ್ ಸಿರಿಂಜ್ ಕೊಟ್ಟು 15 ಸೆಕೆಂಡ್ ಬಲವಾಗಿ ಊದಿಸಿದರು, ಕೂಡಲೇ ಮಲಗಿಸಿ ಕಾಲೆತ್ತಿ ಹಿಡಿದರು. 2015ರಲ್ಲಿ ಬ್ರಿಟನ್ನಿನಲ್ಲಿ ಈ ಕ್ರಮವನ್ನು ಪರೀಕ್ಷಿಸಿದಾಗ 100ರಲ್ಲಿ 43 ಜನರಿಗೆ ಬಡಿತ ಸರಿಯಾಗಿತ್ತು, ಬರೀ ಊದಿಸಿದವರಲ್ಲಿ 17 ಜನರಿಗೆ ಮಾತ್ರ. ನನಗೆ ಆಗಲಿಲ್ಲ. ಆಮೇಲೆ ಅಡೆನೊಸಿನ್ ಇಂಜೆಕ್ಷನ್ ಕೊಟ್ಟರು. "ಕೆಲವು ಸೆಕೆಂಡ್ ತುಂಬಾ ಕೆಟ್ಟದಾಗಿ ಅನಿಸುತ್ತದೆ, ಹೆದರಬೇಡಿ" ಅಂತ ಮೊದಲೇ ಹೇಳಿದರು. ಹೇಳದಿದ್ದರೆ ಸತ್ತೇ ಹೋದೆ ಅಂದುಕೊಳ್ಳುತ್ತಿದ್ದೆ. ಎದೆಯ ಮೇಲೆ ಭಾರ, ಮುಖಕ್ಕೆ ಬಿಸಿ, ಆಮೇಲೆ ಒಮ್ಮೆಲೇ ಮೌನ. ಮಾನಿಟರಿನಲ್ಲಿ 88.

ಹುಟ್ಟಿನಿಂದಲೇ ನನ್ನ ಹೃದಯದ ಕರೆಂಟಿಗೆ ಒಂದು ದಾರಿ ಜಾಸ್ತಿ ಇತ್ತಂತೆ. ಅದರಲ್ಲಿ ಸಿಕ್ಕಿಕೊಂಡ ಕರೆಂಟು ಸುತ್ತು ಹೊಡೆಯುತ್ತಿತ್ತು. ಈ ಬಗೆಯದು ಹೆಂಗಸರಲ್ಲೇ ಜಾಸ್ತಿ. ಕತ್ತಿನ ಬಡಿತ, ಎದೆಯ ಓಟ ನಿಂತ ಮೇಲಿನ ಬಾತ್‌ರೂಮ್ ಓಟ, ಎರಡೂ ಇದರದ್ದೇ ಗುರುತು. ಓಡುವ ಹೃದಯವೇ ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ ಅಂತ ಡಾಕ್ಟರ್ ಹೇಳಿದಾಗ ನನಗೆ ಅಳು ಬಂತು. ನಾನು ಕಲ್ಪಿಸಿಕೊಂಡದ್ದು ಏನೂ ಇರಲಿಲ್ಲ.

ಆಮೇಲೆ ಎಕೋ (ಹೃದಯದ ಸ್ಕ್ಯಾನ್), ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ ಎಲ್ಲ ನೋಡಿದರು. ಮಾತ್ರೆ ಅಥವಾ ಅಬ್ಲೇಶನ್, ಎರಡು ದಾರಿ ಹೇಳಿದರು. ನಾನು ಅಬ್ಲೇಶನ್ ಮಾಡಿಸಿಕೊಂಡೆ. ತೊಡೆಸಂದಿನ ರಕ್ತನಾಳದಿಂದ ತಂತಿ ಕಳಿಸಿ ಆ ಹೆಚ್ಚಿನ ದಾರಿಯನ್ನು ಬಿಸಿಯಿಂದ ಸುಡುತ್ತಾರೆ. ಅಪರೂಪಕ್ಕೆ ಪೇಸ್‌ಮೇಕರ್ ಬೇಕಾಗಬಹುದು ಅನ್ನುವುದನ್ನೂ ಬಿಡಿಸಿ ಹೇಳಿದ್ದರು. ಮರುದಿನ ಮನೆಗೆ ಬಂದೆ. ಅದಾಗಿ ಮೂರು ವರ್ಷ, ಒಂದು ಸಲವೂ ಓಡಿಲ್ಲ.

ಒಂದು ಮಾತು. ಊದುವ ಉಪಾಯವನ್ನು, ನಿಮ್ಮದು ಎಸ್‌ವಿಟಿ ಅಂತ ಡಾಕ್ಟರ್ ಹೇಳಿ ಕಲಿಸಿಕೊಡುವ ಮೊದಲು ಮನೆಯಲ್ಲಿ ಮಾಡಬೇಡಿ. ಕತ್ತಿನ ನರ ತಿಕ್ಕುವುದು, ಕಣ್ಣುಗುಡ್ಡೆ ಒತ್ತುವುದು ಅಂತ ಯಾರಾದರೂ ಹೇಳಿದರೆ ಅದಂತೂ ಬೇಡವೇ ಬೇಡ.

ಇನ್ನೊಂದು. ಓಡುವಾಗ ತೆಗೆದ ಇಸಿಜಿ ಸಿಕ್ಕರೆ ಅದೇ ದಿನ ಫೋಟೋ ತೆಗೆದು, ಜೆರಾಕ್ಸ್ ಮಾಡಿಸಿ ಇಡಿ. ಆ ಕಾಗದದ ಮೇಲಿನ ಗೆರೆ ಬಿಸಿಯಿಂದ ಮೂಡಿದ್ದು, ಮುಂಬಯಿಯ ಸೆಖೆಗೆ ಮಾಸುತ್ತಾ ಹೋಗುತ್ತದೆ. ನನ್ನ ಮೂಲ ಕಾಗದದಲ್ಲಿ ಈಗ ಅರ್ಧ ಗೆರೆ ಕಾಣುವುದಿಲ್ಲ. ಜೆರಾಕ್ಸ್‌ನಲ್ಲಿ 184 ಇನ್ನೂ ಕಪ್ಪಗೆ ಕಾಣುತ್ತದೆ.